ತಾಲೀಮಿನ ಮಂತ್ರಿ

ಭಾನುವಾರ, ಊಟವಾದ ಮೇಲೆ

ನನ್ನ ಗಿರಗಿಟ್ಲೆಗೆ,

ಅದಲ್ಲ ಮಗಳೇ, ನಿನ್ನೆ ನಾನು ಹೇಳಹೊರಟದ್ದೇ ಬೇರೆ. ಫೋಟೋದ ವಿಷಯ ಎತ್ತಿದೆನೋ ಇಲ್ಲವೋ, ನೀನು "ಪಾಳಿಗೆ ಹೊತ್ತಾಯ್ತು, ಇಡ್ತೀನಿ. ನಾಳೆ ಫೋನ್ ಮಾಡ್ಬೇಡಿ, ಮಂತ್ರಿ ಬರ್ತಾರೆ ಅಂತ ಟವರ್‌ನವರ ಮೊಬೈಲೆಲ್ಲ ಗೇಟಲ್ಲೇ ಇಸ್ಕೊಳ್ತಾರಂತೆ" ಅಂದು ಇಟ್ಟೇಬಿಟ್ಟೆ. ಹಾಗಾಗಿ ಅರ್ಧಕ್ಕೆ ನಿಂತ ಮಾತನ್ನು ಕಾಗದದ ಮೇಲೆ ಮುಂದುವರಿಸುತ್ತಿದ್ದೇನೆ. ರಾತ್ರಿ ಪಾಳಿಯವರನ್ನು ಕರೆದೊಯ್ಯುವ ಗಾಡಿ ಈ ದಾರಿಯಲ್ಲೇ ಹೋಗುತ್ತದಲ್ಲ, ಡ್ರೈವರ್ ಕೈಗೆ ಕೊಡುತ್ತೇನೆ. ಓದಿ ಹರಿದುಹಾಕಿದರೂ ಸರಿ, ಓದು.

ಬರೆಯುತ್ತೇನೆಂದು ಹೇಳಿ ಇಷ್ಟು ದಿನ ಎಳೆದದ್ದಕ್ಕೆ ಬೈಯಬೇಡ. ಮೊದಲು ಕನ್ನಡಕದ ಕಾಲು ಮುರಿಯಿತು. ಆಮೇಲೆ ಕನ್ನಡಕ ಸರಿಯಾಯಿತು, ಮನಸ್ಸು ಸರಿಯಾಗಲಿಲ್ಲ. ಮಂಡಿನೋವು ಇದ್ದಲ್ಲೇ ಇದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದನ್ನು ನಿಲ್ಲಿಸಿದೆ, ನಾನೇನೂ ಮಾಡಲಿಲ್ಲ, ತಾನಾಗಿಯೇ ನಿಂತಿತು. ಈಗ ಆ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ಕೆಳಮನೆಯ ಹೊಲಿಗೆಯಮ್ಮ ನಿನ್ನನ್ನು ಕೇಳುತ್ತಿರುತ್ತಾಳೆ. ನಾನು ಮೆಟ್ಟಿಲಿಳಿದರೆ ಸಾಕು, "ಏನ್ ಮಂತ್ರಿಗಳೇ, ನಮ್ಮ ಬೀದಿಗೆ ದೀಪ ಯಾವಾಗ?" ಎಂದು ಕಾಲೆಳೆಯುತ್ತಾಳೆ. "ಪರಿಶೀಲಿಸ್ತೀವಿ" ಅನ್ನುತ್ತೇನೆ. ಅವಳು ನಕ್ಕು ನಕ್ಕು ಸೂಜಿ ಕಳೆದುಕೊಳ್ಳುತ್ತಾಳೆ. ಮೊದಮೊದಲು ನನಗೂ ನಗು ಬರುತ್ತಿತ್ತು.

ನಿನಗೆ ಗೊತ್ತಿಲ್ಲದ್ದೇನನ್ನೂ ನಾನು ಹೇಳುತ್ತಿಲ್ಲ. ಆದರೂ ಮೊದಲಿನಿಂದ ಹೇಳಿಕೊಂಡು ಬಂದರೇನೇ ನನಗೆ ಎಲ್ಲಿ ತಪ್ಪಿತೆಂದು ಕಾಣುವುದು. ನಾನು ಪ್ರಾಧಿಕಾರದ ಪತ್ರವ್ಯವಹಾರ ವಿಭಾಗದಲ್ಲಿದ್ದಾಗಲೇ ಈ ಪದ್ಧತಿ ಶುರುವಾದದ್ದು. ಹಡಗುಕಟ್ಟೆಯೂ ವಿಮಾನ ನಿಲ್ದಾಣವೂ ಒಂದೇ ಪ್ರಾಧಿಕಾರದ ಕೈಯಲ್ಲಿ. ಎರಡಕ್ಕೂ ಬೇಕಾದದ್ದನ್ನು ಕೇಳಲು ವರ್ಷಕ್ಕೊಮ್ಮೆ ನಿಯೋಗ ರಾಜಧಾನಿಗೆ ಹೋಗಬೇಕು. ಕೈಯಲ್ಲಿ ಬಣ್ಣದ ಪುಸ್ತಿಕೆ, ಮೇಲೆ 'ನಮ್ಮ ರಾಷ್ಟ್ರೀಯ ಆದ್ಯತೆಗಳು'. ಹಡಗಿನ ದಾರಿ ಆಳವಾಗಬೇಕು, ರನ್‌ವೇ ಉದ್ದವಾಗಬೇಕು, ವಿಮಾನದಲ್ಲಿ ಹೋಗುವ ಸರಕಿಗೆ ತಣ್ಣನೆಯ ಗೋದಾಮು ಬೇಕು, ಕಸ್ಟಮ್ಸ್‌ನವರು ರಾತ್ರಿಯೂ ಕೂರಬೇಕು, ಹೀಗೆ. ಮೊದಲ ಪುಸ್ತಿಕೆಯ ಇಂಗ್ಲಿಷನ್ನು ನಾನೇ ಬರೆದದ್ದು. 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಆರಂಭ, 'ಇನ್ ಆಂಟಿಸಿಪೇಶನ್' ಎಂದು ಮುಕ್ತಾಯ. ನಡುವಿನದೆಲ್ಲ ಈಗ ಮರೆತಿದೆ.

ಹೋಗುವ ಮೊದಲು ತಾಲೀಮು. ಅಧ್ಯಕ್ಷರ ಸಭಾಕೋಣೆಯಲ್ಲಿ ಒಬ್ಬ ಮಂತ್ರಿಯಾಗಿ ಕೂರಬೇಕು, ಮಿಕ್ಕವರು ಅವನ ಮುಂದೆ ಬೇಡಿಕೆ ಇಡಬೇಕು. ಮಂತ್ರಿಗಳ ಗಮನ ಒಂದು ಕಪ್ ಟೀ ಮುಗಿಯುವ ತನಕ ಮಾತ್ರ ಎಂದು ಯಾರೋ ಅನುಭವಸ್ಥರು ಹೇಳಿದ್ದರಂತೆ. ಅದಕ್ಕೇ ನನ್ನ ಕೈಗೊಂದು ಕಪ್. ನಾನು ಖಾಲಿ ಕಪ್ ಕೆಳಗಿಟ್ಟೆನೆಂದರೆ ಭೇಟಿ ಮುಗಿಯಿತು. ಅಷ್ಟರೊಳಗೆ ನನ್ನ ತಲೆಗೆ ಹೋಗದ ಬೇಡಿಕೆ ಆ ವರ್ಷದ ಪುಸ್ತಿಕೆಯಿಂದ ಹೊರಗೆ. ನಿವೃತ್ತಿಯಾದ ಮೇಲೂ ಈ ಪಾತ್ರಕ್ಕೆ ನನ್ನನ್ನೇ ಕರೆಯುತ್ತಾರೆ. ಆಕಳಿಸುವುದು, ಗಡಿಯಾರ ನೋಡುವುದು, ಹೇಳಿದ್ದನ್ನೇ ಮತ್ತೆ ಕೇಳುವುದು, ಇದನ್ನೆಲ್ಲ ನನ್ನಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲವಂತೆ. ನಿನ್ನ ಅಮ್ಮ "ಮನೇಲಿ ದಿನಾ ತಾಲೀಮು ಆಗುತ್ತಲ್ಲ" ಅನ್ನುತ್ತಿದ್ದಳು.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ವಾಕ್ಯ ಕಲಿಸಿದ್ದರು, 'ಇಫ್ ಐ ವರ್ ಎ ಮಿನಿಸ್ಟರ್' ಅಂತ. 'ವಾಸ್' ಯಾಕಲ್ಲ ಸಾರ್ ಎಂದು ಕೇಳಿದ್ದಕ್ಕೆ, ಇಲ್ಲದ್ದನ್ನು ಇದೆ ಅಂದುಕೊಂಡು ಆಡುವ ಮಾತಿಗೆ ಬೇರೆ ರೂಪ ಕಣಯ್ಯಾ, ಇದರಿಂದ ಯಾರಿಗೂ ಏನೂ ಆಗಲ್ಲ ಅಂತ ಗುರುತು, ಅಂದಿದ್ದರು. ಮಿಕ್ಕ ಪಾಠ ನೆನಪಿಲ್ಲ. ಯಾರಿಗೂ ಏನೂ ಆಗಲ್ಲ ಎಂಬುದಷ್ಟು ತಲೆಯಲ್ಲಿ ಉಳಿದುಬಿಟ್ಟಿತು.

ಈ ಸಲದ ತಾಲೀಮು ನಿನಗೂ ನೆನಪಿರುತ್ತದೆ. ಮೊದಲು ಹಡಗುಕಟ್ಟೆಯ ದೊಡ್ಡವರು ಎದ್ದರು. "ಮಾನ್ಯರೇ, ದಾರಿ ಆಳ ಆಗ್ದೇ ಇದ್ರೆ ದೊಡ್ಡ ಹಡಗೆಲ್ಲ ಪಕ್ಕದ ಬಂದರಿಗೆ ಹೋಗ್ತವೆ."

ನಾನು ಟೀ ಊದುತ್ತ, "ಹೋಗ್ಲಿ ಬಿಡ್ರಿ, ಅದೂ ನನ್ನದೇ ಬಂದರಲ್ವೇ?" ಅಂದೆ. ಸಭೆ ಗೊಳ್ಳೆಂದಿತು.

ಆಮೇಲೆ ವಿಮಾನ ನಿಲ್ದಾಣದವರು. "ರನ್‌ವೇ ಸಾಲ್ತಾ ಇಲ್ಲ ಮಾನ್ಯರೇ, ಸಮುದ್ರದ ಕಡೆ ಚಾಚಬೇಕು."

"ನಾನು ಬಂದಾಗ ಸಾಕಾಗಿತ್ತಲ್ಲ?"

"ತಾವು ಬಂದಿದ್ದು ಸಣ್ಣ ವಿಮಾನ. ತಮ್ಮ ಘನತೆಗೆ ತಕ್ಕದ್ದು ಇಲ್ಲಿ ಇಳಿಯೋಕೇ ಆಗಲ್ಲ."

ಅಧ್ಯಕ್ಷರು ಮೇಜು ಗುದ್ದಿ, "ಅಲ್ಲೂ ಇದನ್ನೇ ಹೇಳ್ರಿ, ಒಂದಕ್ಷರ ಬದಲಾಯಿಸ್ಬೇಡಿ" ಅಂದರು.

ಕೊನೆಗೆ ನೀನು ಎದ್ದು ನಿಂತೆ. ವಿಮಾನ ಇಳಿಸುವ ಟವರ್‌ನವರ ಪರವಾಗಿ ನೀನೇ ಬರುತ್ತೀಯೆಂದು ನನಗೆ ಯಾರೂ ಹೇಳಿರಲಿಲ್ಲ. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. "ಮಾನ್ಯರೇ, ಮೊದಲನೇದು ಕೊಟ್ರೆ ಬರೋ ಹಡಗು ಎತ್ತರ ಆಗುತ್ತೆ. ಎರಡನೇದು ಕೊಟ್ರೆ ವಿಮಾನ ತಗ್ಗಲ್ಲಿ ಬರುತ್ತೆ. ಎರಡೂ ಬಂದರಿನ ಬಾಯಲ್ಲೇ ಒಂದನ್ನೊಂದು ದಾಟ್ಬೇಕು. ಟವರ್‌ನಿಂದ ಆ ಜಾಗ ಕಾಣಲ್ಲ, ಹೊಸ ಗೋದಾಮು ಅಡ್ಡ ಇದೆ. ನಡುಕೋಣೇಲಿ ಕೂತು ನೋಡೋಕೆ ಒಬ್ಬರು ಬೇಕು."

ನಡುಕೋಣೆ. ನಿನ್ನ ಅಮ್ಮನ ಕೋಣೆ. ಹಡಗುಕಟ್ಟೆಯ ಕಚೇರಿಯ ಮೇಲ್ಮಹಡಿಯಲ್ಲಿ, ಒಂದು ಕಿಟಕಿ ನೀರಿಗೆ, ಒಂದು ಕಿಟಕಿ ರನ್‌ವೇಗೆ. ಎತ್ತರದ ಹಡಗು ಒಳಗೆ ಹೊರಟಿದೆಯೆಂದು ಬಂದರಿನ ರೇಡಿಯೋದವರು ತಿಳಿಸಿದೊಡನೆ ಅವಳು ಟವರ್‌ಗೆ ಹೇಳಬೇಕು, ಹಡಗು ದಾಟುವ ತನಕ ಟವರ್ ವಿಮಾನವನ್ನು ಮೇಲೆಯೇ ಸುತ್ತಿಸಬೇಕು. ಅಷ್ಟೇ ಕೆಲಸ. ಹಡಗು ದಾರಿಯಲ್ಲಿರುವಷ್ಟು ಹೊತ್ತು ತನ್ನ ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿಡುತ್ತಿದ್ದಳು, ಯಾರಾದರೂ ಮಾತಿಗೆ ಬಂದರೂ ಮರೆಯಬಾರದೆಂದು. ಲೋಟ ಬೋರಲಿದ್ದರೆ ಅಧ್ಯಕ್ಷರೇ ಬಂದರೂ ಬಾಗಿಲಲ್ಲಿ ನಿಲ್ಲಬೇಕು. ಮನೆಯಲ್ಲಿ ನನ್ನ ಮೇಲೆ ಮುನಿಸಿಕೊಂಡ ದಿನವೂ ಊಟದ ಮೇಜಿನ ಮೇಲೆ ಲೋಟ ಬೋರಲು. ನೀನು ಪುಟ್ಟವಳು, ನನ್ನ ಕಿವಿಯಲ್ಲಿ "ಅಪ್ಪಾ, ಹಡಗು ಬಂದಿದೆ" ಅನ್ನುತ್ತಿದ್ದೆ.

ಅವಳು ಹೋದ ಮೇಲೆ ಆ ಕೆಲಸ ನೀರಿನ ಇಲಾಖೆಯದೋ ಆಕಾಶದ ಇಲಾಖೆಯದೋ ಎಂಬುದು ರಾಜಧಾನಿಯಲ್ಲಿ ತೀರ್ಮಾನವಾಗಲಿಲ್ಲ. ಇವರು ಅವರದೆಂದರು, ಅವರು ಇವರದೆಂದರು. ಕುರ್ಚಿ ಖಾಲಿ.

ನಾನು ಮಂತ್ರಿಯ ಧ್ವನಿಯಲ್ಲೇ ಕೇಳಿದೆ, "ಇಷ್ಟು ದಿನ ಯಾರು ನೋಡ್ತಾ ಇದ್ರು?"

"ಒಬ್ರು ನೋಡ್ತಾ ಇದ್ರು, ಮಾನ್ಯರೇ. ಈಗಿಲ್ಲ."

"ಅವರಿಲ್ದೇ ಇದ್ರೂ ಏನೂ ಆಗಿಲ್ವಲ್ಲಮ್ಮ," ಅಂದೆ. ಕಪ್ ಎತ್ತಿ ಕುಡಿದೆ, ಕೆಳಗಿಟ್ಟೆ.

"ಟೀ ಮುಗೀತು!" ಎಂದು ಅಧ್ಯಕ್ಷರು ಚಪ್ಪಾಳೆ ಹೊಡೆದರು. ನೀನು ಇನ್ನೂ ನಿಂತೇ ಇದ್ದೆ.

ರಾಜಧಾನಿಯಲ್ಲಿ ನಮ್ಮವರು ಗೆದ್ದು ಬಂದರು. ತಾಲೀಮಿನ ಮಾತನ್ನೇ ಒಪ್ಪಿಸಿದರಂತೆ, ನಿಜವಾದ ಮಂತ್ರಿಗಳು ನನ್ನ ಹಾಗೆಯೇ ನಕ್ಕರಂತೆ. ಹಡಗಿನ ದಾರಿಯೂ ಸಿಕ್ಕಿತು, ರನ್‌ವೇಯೂ ಸಿಕ್ಕಿತು. ಅಧ್ಯಕ್ಷರು ನನಗೊಂದು ಶಾಲು ಕಳಿಸಿದ್ದರು. ಪೆಟ್ಟಿಗೆಯಿಂದ ತೆಗೆದಿಲ್ಲ.

ಅಂದಿನಿಂದ ಈ ಮನೆಯ ಕಿಟಕಿಯಲ್ಲಿ ಕೂತು ನಾನು ನೋಡುತ್ತಿರುವುದು ಒಂದನ್ನೇ. ಒಂದು ಕಡೆ ನೀರಿನಡಿಯ ಮಣ್ಣನ್ನು ಎತ್ತುತ್ತಾರೆ, ಅದೇ ಮಣ್ಣನ್ನು ತಂದು ಇನ್ನೊಂದು ಕಡೆ ರನ್‌ವೇಯ ತುದಿಗೆ ಸುರಿಯುತ್ತಾರೆ. ಒಂದು ತಗ್ಗುತ್ತ, ಇನ್ನೊಂದು ಚಾಚುತ್ತ, ಬಂದರಿನ ಬಾಯಿಯ ಹತ್ತಿರ ಹತ್ತಿರ ಬಂದವು. ನೀರು ಮಾಸಲು ಕೆಂಪಾಗಿ ಹಾಗೇ ಉಳಿದಿದೆ. ಅಲೆತಡೆ ಗೋಡೆಯ ಮೇಲೆ ಸಾಲಾಗಿ ಕೂರುತ್ತಿದ್ದ ಹಕ್ಕಿಗಳು ಈಗ ಕೂರುವುದಿಲ್ಲ. ರನ್‌ವೇಯ ಹೊಸ ತುದಿ ತೆರೆದ ಮೇಲೆ ವಿಮಾನಗಳು ಎಷ್ಟು ತಗ್ಗಿನಲ್ಲಿ ಬರುತ್ತವೆಂದರೆ, ಅಡುಗೆಮನೆಯ ಗೂಡಿನಲ್ಲಿ ತಟ್ಟೆಗಳು ಒಂದನ್ನೊಂದು ತಟ್ಟಿಕೊಳ್ಳುತ್ತವೆ. ಕೆಳಗೆ ಹೊಲಿಗೆಯಮ್ಮ ಹೊಲಿಗೆ ನಿಲ್ಲಿಸಿ ತಲೆ ತಗ್ಗಿಸುತ್ತಾಳೆ. ಮನೆಯೊಳಗೆ ಕೂತವಳು ಯಾಕೆ ತಲೆ ತಗ್ಗಿಸಬೇಕು ಹೇಳು. ನಾನೂ ತಗ್ಗಿಸುತ್ತೇನೆ.

ಹೋದ ವಾರ ನಿನ್ನ ಸೋದರಮಾವ ಒಂದು ಮಧ್ಯಮ ಗಾತ್ರದ ಹಡಗನ್ನು ಒಳಗೆ ತರುತ್ತಿದ್ದಾಗ ತಲೆಯ ಮೇಲೆ ವಿಮಾನ ಹೋಯಿತಂತೆ. "ಚಕ್ರದ ನಟ್ಟು ಎಣಿಸ್ಬಹುದಿತ್ತು ಭಾವ" ಅಂದ. ಅವನು ನಗುತ್ತಲೇ ಹೇಳಿದ. ಹಡಗನ್ನು ದಾರಿ ತೋರಿಸಿ ಒಳಗೆ ತರುವವರು ಎಲ್ಲದಕ್ಕೂ ನಗುತ್ತಾರೆ, ಅದು ಅವರ ಕಸುಬಿನ ಅಭ್ಯಾಸ. ಆದರೆ ಕೊಟ್ಟ ಟೀ ಮುಟ್ಟದೆ ಎದ್ದುಹೋದ.

ಈಗ ಫೋಟೋದ ವಿಷಯ. ಇದನ್ನೇ ನಾನು ನಿನ್ನೆ ಎತ್ತಿದ್ದು. ಪ್ರಚಾರದ ಆಫೀಸರು, ಅದೇ ಲಂಗರು ಮತ್ತು ವಿಮಾನದ ಚಿತ್ರವಿರುವ ಟೈ ಕಟ್ಟುವವರು, ನಾವು ಅವರನ್ನು ಟೈ ಸಾಹೇಬ ಅಂತಲೇ ಕರೆಯುವುದು, ಮುಂದಿನ ಪುಸ್ತಿಕೆಯ ಮುಖಪುಟಕ್ಕೆ ಒಂದು ಫೋಟೋ ಬೇಕೆಂದು ಹಟ ಹಿಡಿದಿದ್ದಾರೆ. ಹೊಸ ದಾರಿಯಲ್ಲಿ ಮೊದಲ ದೊಡ್ಡ ಹಡಗು, ಹೊಸ ರನ್‌ವೇಗೆ ಮೊದಲ ದೊಡ್ಡ ವಿಮಾನ, ಅದರೊಳಗೆ ನಿಜವಾದ ಮಂತ್ರಿಗಳು, ಎರಡೂ ಒಂದೇ ಫೋಟೋದಲ್ಲಿ. ಹಿಂದೆ ಸೂರ್ಯಾಸ್ತ. ಅಧ್ಯಕ್ಷರು ಒಪ್ಪಿಯೂ ಆಯಿತು. ಎರಡನ್ನೂ ಇವತ್ತು ಸಂಜೆಗೇ ಇಟ್ಟಿದ್ದಾರೆ. ಇದನ್ನು ಬರೆಯುತ್ತಿದ್ದಂತೆಯೇ ಅಲೆತಡೆ ಗೋಡೆಯ ಮೇಲೆ ಕ್ಯಾಮೆರಾದವರು ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸುತ್ತಿದ್ದಾರೆ, ಇಲ್ಲಿಂದಲೇ ಕಾಣುತ್ತದೆ.

ನೀನು ಟೈ ಸಾಹೇಬರ ಮುಖಕ್ಕೇ ಹೇಳಿದೆಯಂತೆ, "ಫೋಟೋ ಬೇಕಾದ್ರೆ ಎರಡು ತೆಗೀರಿ, ಆಮೇಲೆ ಅಂಟಿಸ್ಕೊಳ್ಳಿ. ಹಡಗು ಹೊರಟ ಕೂಡ್ಲೇ ನಾನು ವಿಮಾನ ಸುತ್ತಿಸ್ತೀನಿ, ಒಳಗೆ ಮಂತ್ರಿ ಇರ್ಲಿ ಮಹಾರಾಜ ಇರ್ಲಿ." ಕೇಳಿ ನನಗೆ ಎದೆಯುಬ್ಬಿತು. ನಿನ್ನ ಅಮ್ಮನೇ ಬಾಗಿಲಲ್ಲಿ ನಿಂತು ಹೇಳಿದ ಹಾಗಾಯಿತು.

ಬೆಳಿಗ್ಗೆ ಸೋದರಮಾವ ಹಡಗಿಗೆ ಹೋಗುವ ಮುಂಚೆ ಇಲ್ಲಿಗೆ ಬಂದಿದ್ದ. ಈ ದೊಡ್ಡ ಹಡಗನ್ನು ಒಳಗೆ ತರುವವನು ಅವನೇ. ಅಕ್ಕನ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಬಂದು ಕೂತ.

"ಏನ್ ಭಾವ, ಮಂತ್ರಿಗಿರಿ ಹೆಂಗಿದೆ? ಇವತ್ತು ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾ ಇದ್ದಾರೆ."

"ನನ್ನ ರಾಜೀನಾಮೆ ಕೊಟ್ಟಾಯ್ತು ಮಾರಾಯ. ನೀನು ಹುಷಾರು."

"ನನಗೇನಾಗುತ್ತೆ? ಹೊರಗಿನ ತೇಲುದೀಪದ ಹತ್ರ ಕಾಯ್ತೀನಿ, ಭರತದ ನೀರು ಏರಿದ ಕೂಡ್ಲೇ ಹೊರಡ್ತೀನಿ. ಇಷ್ಟು ದೊಡ್ಡದನ್ನ ಇಟ್ಕೊಂಡು ನಡು ದಾರೀಲಿ ನಿಂತ್ರೆ ತಳ ಮಣ್ಣಿಗೆ ಕಚ್ಚಿಬಿಡುತ್ತೆ, ಹೊರಟ ಮೇಲೆ ನಿಲ್ಲೋ ಹಾಗಿಲ್ಲ."

"ಟವರ್‌ಗೆ ಹೇಳೋರು ಯಾರು?"

"ಯಾರು ಅಂದ್ರೆ? ಸೊಸೆ ಇದ್ದಾಳಲ್ಲ! ಅಕ್ಕ ಹೋದ ಮೇಲೆ ನಮ್ಮದೇ ಒಂದು ಲೈನು ಅಲ್ವೇ. ಹೊರಡೋವಾಗ ಮೊಬೈಲಿಗೆ ಒಂದು ಮೆಸೇಜ್ ಹಾಕಿಬಿಡ್ತೀನಿ, ಅವಳು ನೋಡ್ತಾಳೆ. ರೇಡಿಯೋದವರು ಎಕ್ಸ್‌ಚೇಂಜಿಗೆ ಮಾಡಿ, ಅಲ್ಲಿ ಅವರು ಕಾಯೋಕೆ ಹಾಡು ಹಾಕಿ, ಅದು ಮುಗಿಯೋಷ್ಟರಲ್ಲಿ ನಾನು ಹಡಗು ಕಟ್ಟಿ ಮನೇಗ್ ಹೋಗಿರ್ತೀನಿ." ಮತ್ತೆ ನಕ್ಕ. ಬಾಗಿಲ ತನಕ ಹೋದವನು ತಿರುಗಿ, "ಅವಳ ಜೊತೆ ಮಾತಾಡಿ ಭಾವ. ಎಷ್ಟು ದಿನ ಹೀಗೆ?" ಅಂದು ಇಳಿದುಹೋದ.

ಅವನ ಮಾತಿಗೇ ಈ ಕಾಗದ. ನಾನು ನಿನಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ನಿನ್ನ ಕೆಲಸ ನಿನಗೆ ಗೊತ್ತು. ಮುಂದಿನ ತಾಲೀಮಿಗೆ ನಾನು ಹೋಗುವುದಿಲ್ಲ, ಅಧ್ಯಕ್ಷರಿಗೆ ಹೇಳಿಯಾಗಿದೆ. ಬೇಕಿದ್ದರೆ ನಿನ್ನ ಪಕ್ಕದಲ್ಲಿ ನಿಂತು ಬೇಡಿಕೆ ಇಡುತ್ತೇನೆ. ಇಂಗ್ಲಿಷ್‌ನಲ್ಲೇ ಇಡುತ್ತೇನೆ, ಅವರಿಗೆ ಅರ್ಥವಾಗದಿದ್ದರೆ ಅದು ಅವರ ಕರ್ಮ.

ಹೊತ್ತಿಗೆ ಸರಿಯಾಗಿ ಉಣ್ಣು. ಪಾಳಿ ಮುಗಿದ ಮೇಲೆ ಗಾಡಿಯಲ್ಲೇ ಬಾ, ಕತ್ತಲಲ್ಲಿ ನಡೆಯಬೇಡ. ನಿನ್ನ ಕಣ್ಣು ಕಿವಿ ಎಂದೂ ಮಂಕಾಗದಿರಲಿ, ನೀನು ಇಳಿಸಿದವರೆಲ್ಲ ಸುಖವಾಗಿ ಮನೆ ಸೇರಲಿ, ಅವರ ಹೆಸರು ನಿನಗೆ ಗೊತ್ತಾಗದೇ ಇರಲಿ. ನಿನ್ನ ಅಮ್ಮ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದಳು.

ಇಂತು,
ನಿನ್ನ ಅಪ್ಪ

ಮತ್ತೆ: ಕಾಗದ ಮಡಚಿಟ್ಟು, ಸಂಜೆಯಾಗುತ್ತ ಮತ್ತೆ ಬಿಚ್ಚಿದೆ. ಹೇಳಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೇನೆ.

ಅವತ್ತು ಟೀ ಮುಗಿದಿರಲಿಲ್ಲ. ಕಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು. ನಡುಕೋಣೆಯಲ್ಲಿ ಒಬ್ಬರು ಬೇಕು ಅಂತ ನೀನು ಅಂದೊಡನೆ ನನ್ನ ಕಣ್ಣಿಗೆ ಬೇರೆ ಯಾವಳೋ ಹುಡುಗಿ ಕಂಡಳು. ನಿನ್ನ ಅಮ್ಮನ ಕುರ್ಚಿಯಲ್ಲಿ ಕೂತು, ಆ ಎರಡು ಕಿಟಕಿಗಳ ನಡುವೆ, ತನ್ನ ಲೋಟ ಇಟ್ಟುಕೊಂಡು. ಅದನ್ನು ನನ್ನಿಂದ ನೋಡಲಾಗಲಿಲ್ಲ. ಬಿಸಿ ಟೀಯನ್ನು ಒಂದೇ ಗುಟುಕಿಗೆ ಇಳಿಸಿದೆ, ಗಂಟಲು ಸುಟ್ಟಿತು, ಕಪ್ ಕೆಳಗಿಟ್ಟೆ. ಹಾಗೆ ಮಾಡಿದ್ದು ಮಂತ್ರಿಯಲ್ಲ ಮಗಳೇ, ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮುದುಕ. ನಿನಗೆ ಅದು ಅವತ್ತೇ ಗೊತ್ತಾಯಿತೆಂದು ಕಾಣುತ್ತದೆ. ಎಲ್ಲರೂ ಎದ್ದು ಹೋದ ಮೇಲೆ ನಾನು "ಬಾ, ಮನೆಗೆ ಹೋಗೋಣ" ಅಂದೆ. ನೀನು "ಆಗ್ಲಿ ಮಾನ್ಯರೇ" ಅಂದೆ. ತಮಾಷೆಯೆಂದುಕೊಂಡೆ. ಅಂದಿನಿಂದ ಇಂದಿನವರೆಗೆ ನಿನ್ನ ಬಾಯಲ್ಲಿ 'ಅಪ್ಪ' ಅನ್ನುವ ಮಾತು ಬಂದಿಲ್ಲ. 'ನೀನು' ಅನ್ನುತ್ತಿದ್ದವಳು 'ನೀವು' ಅನ್ನುತ್ತೀಯ. ನಿನ್ನೆ ಕೂಡ "ಫೋನ್ ಮಾಡ್ಬೇಡಿ" ಅಂದೆ. ಬೇಡಿ. ಆ ಒಂದು ಮಾತು ರಾತ್ರಿಯೆಲ್ಲ ಚುಚ್ಚುತ್ತಿತ್ತು. ಫೋನ್ ಮಾಡಬೇಡಿ, ಮೊಬೈಲೆಲ್ಲ ಗೇಟಲ್ಲೇ

ಅಯ್ಯೋ. ಮೊಬೈಲ್ ಗೇಟಿನಲ್ಲಿದೆ.

ನಾನೆಂಥ ದಡ್ಡ! ಬೆಳಿಗ್ಗೆ ಅವನು ಮೆಸೇಜ್ ಹಾಕುತ್ತೇನೆಂದಾಗ ನನ್ನ ತಲೆ ಎಲ್ಲಿತ್ತು? ನೀನು ಹೇಳಿದ್ದು ಮೊಬೈಲ್ ಗೇಟಲ್ಲಿ ಇಸ್ಕೊಳ್ತಾರೆ ಅಂತ, ನಾನು ಕೇಳಿಸಿಕೊಂಡದ್ದು 'ಬೇಡಿ' ಅನ್ನುವುದನ್ನು ಮಾತ್ರ. ನಿನಗೂ ಹೊಳೆದಿಲ್ಲ. ಹೊಳೆದಿದ್ದರೆ ನೀನು ಮಾವನಿಗೆ ಹೇಳಿರುತ್ತಿದ್ದೆ. ಅವನು ಮೆಸೇಜ್ ಹಾಕುತ್ತಾನೆ, ನೀನು ನೋಡಿದೆಯೆಂದುಕೊಂಡು ಹೊರಡುತ್ತಾನೆ. ಮೆಸೇಜ್ ಬರಲಿಲ್ಲ, ಹಡಗಿನ್ನೂ ಹೊರಗಿದೆ ಅಂದುಕೊಂಡು ನೀನು ವಿಮಾನವನ್ನು ಇಳಿಸುತ್ತೀಯ.

ಅವನ ಫೋನಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಂತೆ. ಟವರ್ ನಂಬರಿಗೆ ಮಾಡಿದೆ, ಎಕ್ಸ್‌ಚೇಂಜಿಗೆ ಹೋಯಿತು, ಭಾನುವಾರ, ಬರೀ ಹಾಡು. ಎರಡನೇ ಸಲವೂ ಅದೇ ಹಾಡು.

ನಿನ್ನ ಅಮ್ಮನ ಬೀಗದ ಕೈ ನನ್ನ ಹತ್ತಿರವೇ ಇದೆ, ಯಾರೂ ವಾಪಸ್ ಕೇಳಲಿಲ್ಲ. ನಡುಕೋಣೆಯ ಕಪ್ಪು ಫೋನಿಗೆ ನಂಬರು ಒತ್ತಬೇಕಿಲ್ಲ. ಎತ್ತಿದರೆ ಸಾಕು, ಟವರ್‌ನಲ್ಲಿ ಗಂಟೆ ಬಡಿಯುತ್ತದೆ. ಇನ್ನೂ ಜೀವ ಇಟ್ಟುಕೊಂಡಿದೆಯೋ ಇಲ್ಲವೋ. ಇಳಿಜಾರು ಇಳಿದರೆ ಹಡಗುಕಟ್ಟೆಯ ಕಚೇರಿ, ಆಮೇಲೆ ಮೇಲ್ಮಹಡಿ, ಆಮೇಲೆ ನನ್ನ ಈ ಮಂಡಿ. ಅವಳ ಲೋಟವನ್ನೂ ಜೇಬಿಗೆ ಹಾಕಿಕೊಂಡಿದ್ದೇನೆ, ಯಾಕೆಂದು ಕೇಳಬೇಡ.

ಕಾಗದವನ್ನು ಹೊಲಿಗೆಯಮ್ಮನ ಕೈಗೆ ಕೊಟ್ಟು ಹೋಗುತ್ತೇನೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ನೋಡಿದರೆ ಬೆಳಕೇ ಹೋಗುತ್ತಿದೆ. ತೇಲುದೀಪ ಹತ್ತಿದೆ. ಅದರ ಪಕ್ಕದಲ್ಲಿ ನಿಂತಿದ್ದ ಕಪ್ಪು ಗೋಡೆಯಂಥ ಹಡಗು ಈಗ ಅಲ್ಲಿಲ್ಲ, ಈಚೆ ಬಂದಿದೆ.

ಗಿರಗಿಟ್ಲೆ, ಆ ಫೋನಿನ ಗಂಟೆ ಬಡಿದರೆ, ನನ್ನ ಧ್ವನಿ ಕೇಳಿದರೆ, ಯಾಕೆ ಏನು ಎಂದು ಕೇಳಬೇಡ. ಮೊದಲು ವಿಮಾನ ಸುತ್ತಿಸು. ಆಮೇಲೆ ಬೇಕಿದ್ದರೆ ಜೀವಮಾನವೆಲ್ಲ ಮಾನ್ಯರೇ ಅಂತಲೇ ಕರೆ.